ನಾಲ್ಕನೆಯ ನಾಳ

ಅಲ್ ಐನ್ ಓಯಸಿಸ್‌ನ ಫಲಜ್ ಕಾಲುವೆಗಳನ್ನು ನೀವೆಲ್ಲ ನೋಡಿರುತ್ತೀರಿ. ನೆಲದಡಿಯಲ್ಲಿ ಅವುಗಳ ದಾರಿ ಮೇಲೆ ನಿಂತವರಿಗೆ ಕಾಣದು. ದವಡೆ ಹಲ್ಲೂ ಹಾಗೆಯೇ ಎಂದು ನನಗೆ ಅರಿವಾದದ್ದು ನೋವು ತಿಂದ ಮೇಲೆ.

ರಜೆಗೆ ಊರಿಗೆ ಹೋದಾಗ ಅವಸರದಲ್ಲಿ ಮೇಲಿನ ಮೊದಲ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಬಂದಿದ್ದೆ. ವರ್ಷದೊಳಗೆ ಮತ್ತೆ ಬಾವು. ‘ಕಿತ್ತುಬಿಡಿ ಡಾಕ್ಟ್ರೇ’ ಎಂದೆ. ಇಲ್ಲಿನ ದಂತವೈದ್ಯೆ ಒಪ್ಪಲಿಲ್ಲ. ‘ಈ ಹಲ್ಲಿಗೆ ಬೇರು ಮೂರು; ನಾಳ ಹೆಚ್ಚಾಗಿ ನಾಲ್ಕು. ಕೆನ್ನೆ ಬದಿಯ ಮುಂದಿನ ಬೇರಿನಲ್ಲಿ ಇನ್ನೊಂದು ಅಡಗಿರುತ್ತದೆ. ಅದು ಉಳಿದರೆ ಸೋಂಕೂ ಉಳಿಯುತ್ತದೆ’ ಎಂದರು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ 1925ರಲ್ಲೇ ಇದನ್ನು ಬರೆದಿದ್ದರಂತೆ!

ಸೂಕ್ಷ್ಮದರ್ಶಕದಲ್ಲಿ ಹುಡುಕಿ, ಕೂದಲೆಳೆಯಂಥ ಆ ನಾಳವನ್ನು ಶುಚಿಗೊಳಿಸಿ ತುಂಬಿದರು. ಹಲ್ಲು ಉಳಿಯಿತು, ಈ ಹಬ್ಬದ ಚಕ್ಕುಲಿಯನ್ನು ಅದರಲ್ಲೇ ಕಡಿದೆ. ರಜೆಯಲ್ಲಿ ಹಲ್ಲು ತೋರಿಸುವವರು ‘ನಾಲ್ಕನೆಯ ನಾಳ ನೋಡಿದಿರಾ?’ ಎಂದು ಮರೆಯದೆ ಕೇಳಿ.