ಕರೆಂಟು ಹೋದ ಮೇಲಿನ ಬ್ಯೋಮಕೇಶ

ಕೊನೆ ಕೊಯ್ಲು ಶುರುವಾಯಿತೆಂದರೆ ನಮ್ಮ ಜಗಲಿಗೆ ರಾತ್ರಿ ಅನ್ನುವುದೇ ಇರುತ್ತಿರಲಿಲ್ಲ. ಒಂದು ಕಡೆ ಹಸಿ ಅಡಿಕೆಯ ರಾಶಿ, ಇನ್ನೊಂದು ಕಡೆ ಸಿಪ್ಪೆಯ ರಾಶಿ, ನಡುವೆ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಹೆಂಗಸರು, ಅಂಗಳದ ಮೂಲೆಯ ಹಂಡೆಯಿಂದ ಎದ್ದು ಬಂದು ಮೂಗಿಗಿಂತ ಮೊದಲು ಗಂಟಲಿಗೆ ಹತ್ತುವ ಚೊಗರಿನ ವಾಸನೆ, ಯಾರದೋ ಕವಳದ ಸಂಚಿಯ ಸುಣ್ಣದ ಡಬ್ಬಿ ಉರುಳಿದ ಸದ್ದು, ಇವೆಲ್ಲದರ ಎದುರಿಗೆ, ನಡುಮನೆಯ ಬಾಗಿಲಿಗೆ ಎಳೆದು ತಂದಿಟ್ಟ ಸ್ಟೂಲಿನ ಮೇಲೆ, ಕಪ್ಪು ಬಿಳುಪಿನ ಕಲಕತ್ತ. ಅಲ್ಲೊಂದು ಕೋಣೆ, ಪಂಚೆ ಉಟ್ಟ ಇಬ್ಬರು ಗೆಳೆಯರು, ಚಹಾ, ಮಡಿಸಿಟ್ಟ ಪೇಪರು, ಮತ್ತು ಆ ವಾರದ ಹೆಣ. ಬೇಸಗೆಯಾದರೆ ಅಡಿಕೆಯ ಜಾಗದಲ್ಲಿ ಹಲಸಿನ ಹಪ್ಪಳ, ಮಳೆಗಾಲವಾದರೆ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಬ್ಯೋಮಕೇಶ್ ಬಕ್ಷಿ ಮಾತ್ರ ಎಲ್ಲ ಕಾಲಕ್ಕೂ ಒಬ್ಬನೇ. 1993ರಲ್ಲಿ ದೂರದರ್ಶನ ಅವನನ್ನು ಕರೆತಂದಿತು, 1997ರಲ್ಲಿ ಇನ್ನಷ್ಟು ಕತೆ ಕೊಟ್ಟು ಕಳಿಸಿತು, ಅಷ್ಟರಲ್ಲಿ ನಾವು ಮಕ್ಕಳು ಹೋಗಿ ಮೀಸೆ ಚಿಗುರಿದವರು, ಲಂಗ ಬಿಟ್ಟು ಚೂಡಿದಾರ ತೊಟ್ಟವರು ಆಗಿದ್ದೆವು.

ಟೀವಿಯೇನೋ ಮನೆಯೊಳಗಿತ್ತು, ಚಿತ್ರ ಇರುತ್ತಿದ್ದದ್ದು ಮನೆಯ ಹಿಂದಿನ ಧರೆಯ ಮೇಲೆ. ಅಲ್ಲಿ ಒಣಗಿದ ಅಡಿಕೆ ಮರವೊಂದನ್ನು ನಿಲ್ಲಿಸಿ ತುದಿಗೆ ಏಂಟೆನಾ ಕಟ್ಟಿದ್ದು ನಮ್ಮ ಕೊನೆಗೌಡ. ಮರದಿಂದ ಮರಕ್ಕೆ ತೂಗಿ ಹಾರುವ ಅವನಿಗೆ ಅದು ಎಡಗೈ ಕೆಲಸ. ಅದನ್ನು ತಿರುಗಿಸುವ ಚಾಕರಿ ನಮ್ಮದು. ಒಬ್ಬ ಧರೆಯ ಮೇಲೆ, ಒಬ್ಬಳು ಬಚ್ಚಲ ಹತ್ತಿರ, ಇನ್ನೊಬ್ಬ ಹಿತ್ತಿಲ ಬಾಗಿಲಲ್ಲಿ, ಒಳಗಿನ ಕೂಗು ಬಾಯಿಂದ ಬಾಯಿಗೆ ಹೊರಗೆ ಹೋಗಬೇಕು. “ಬಂತು, ಬಂತು, ಹೋತು!” ಅನ್ನುವುದು ಕೊನೆಯವನಿಗೆ ಮುಟ್ಟುವಷ್ಟರಲ್ಲಿ ಮತ್ತೆ ಬಂದಿರುತ್ತಿತ್ತು, ಅವನು ತಿರುಗಿಸಿ ಕಳೆದುಬಿಡುತ್ತಿದ್ದ. ಉಂಬಳಗಳು ಕಾಲು ಹತ್ತಿದ್ದು ಗೊತ್ತಾಗುತ್ತಿದ್ದದ್ದು ಕೊಲೆಗಾರ ಸಿಕ್ಕಿದ ಮೇಲೆಯೇ.

ಇನ್ನು ಹಿಂದಿ. ನಮ್ಮಲ್ಲಿ ಅದು ಬರುತ್ತಿದ್ದದ್ದು ಅಪ್ಪಚ್ಚಿಗೆ ಮಾತ್ರ. ಮುಂಬಯಿಯ ಹೋಟೆಲೊಂದರ ಗಲ್ಲೆಯಲ್ಲಿ ಕೂತು, ನೀರು ಒಗ್ಗದೆ, ಮನೆ ಸೇರಿದವನು ಅವನು. ನಮ್ಮ ಶಾಲೆಯ ಹಿಂದಿ ಕಾ, ಕೀ, ಕೇಗಳಲ್ಲೇ ನಿಂತಿತ್ತು. ಹೀಗಾಗಿ ಟೀವಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು, ಬಾಯಲ್ಲಿ ಕವಳ ಇಟ್ಟುಕೊಂಡೇ, ಅಪ್ಪಚ್ಚಿ ಅರ್ಥ ಹೇಳಬೇಕು. ತಾಳಮದ್ದಲೆಯಲ್ಲಿ ಭಾಗವತರು ಒಂದು ಪದ್ಯ ಹೇಳಿ ನಿಲ್ಲಿಸಿದರೆ ಅರ್ಥಧಾರಿ ಅರ್ಧ ತಾಸು ಹಿಗ್ಗಿಸುವುದಿಲ್ಲವೇ, ಅದೇ ಕ್ರಮ. ಬ್ಯೋಮಕೇಶ ಗೆಳೆಯನನ್ನು “ಅಜಿತ್” ಎಂದು ಕರೆದು ನಾಲ್ಕು ಮಾತಾಡಿದರೆ ಅಪ್ಪಚ್ಚಿಯ ಬಾಯಲ್ಲಿ ಅದು ಕಲಕತ್ತದ ಬೀದಿ, ಟ್ರಾಮು, ಬ್ರಿಟಿಷರ ಪೋಲೀಸು, ಬಂಗಾಲಿಗಳು ಮೀನು ತಿನ್ನುವ ವಿಷಯ ಎಲ್ಲ ಸೇರಿ ಬೆಳೆಯುತ್ತಿತ್ತು. ಅಷ್ಟರಲ್ಲಿ ತೆರೆಯ ಮೇಲೆ ಮುಂದಿನ ಮಾತು ಮುಗಿದಿರುತ್ತಿತ್ತು. ಹಾರಿಹೋದದ್ದಕ್ಕೂ ಅವನೇ ಅರ್ಥ ಕಟ್ಟುತ್ತಿದ್ದ. ಶರದಿಂದು ಬಂದ್ಯೋಪಾಧ್ಯಾಯರು ಬರೆದದ್ದು, ಬಾಸು ಚಟರ್ಜಿ ತೆಗೆದದ್ದು, ನಮ್ಮ ಅಪ್ಪಚ್ಚಿ ಹೇಳಿದ್ದು, ಮೂರೂ ಬೇರೆ ಬೇರೆ ಇದ್ದಿರಬೇಕು. ನಮಗೆ ಮೂರನೆಯದು ಸಾಕಾಗಿತ್ತು.

ಪತ್ತೇದಾರರೇನು ನಮ್ಮ ಮನೆಗೆ ಹೊಸಬರಲ್ಲ. ಅಟ್ಟದ ಮೇಲೆ, ಗೋಣಿಚೀಲದಲ್ಲಿ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ. ದೊಡ್ಡಪ್ಪ ಕಾಲೇಜಿಗೆ ಹೋಗುವಾಗ ಕೂಡಿಟ್ಟದ್ದಂತೆ. ಒರಲೆ ತಿಂದು, ಇಲಿ ಕಡಿದು, ಎಷ್ಟೋ ಪುಸ್ತಕಗಳಿಗೆ ಕೊನೆಯ ಹಾಳೆಗಳೇ ಇರಲಿಲ್ಲ. 1968ರ ‘ಜೇಡರ ಬಲೆ’ಯಿಂದ ಹಿಡಿದು ರಾಜ್‌ಕುಮಾರರ ಸಿಐಡಿ 999 ಬಂದ ಸಿನಿಮಾಗಳನ್ನೆಲ್ಲ ಟೆಂಟಿನಲ್ಲಿ ನೋಡಿದ ಹಿರಿಯರು ಕೋಟು, ಪಿಸ್ತೂಲು, ಕಾರಿನ ವರ್ಣನೆಯನ್ನು ನಮಗೆ ಉಣಿಸಿಯೇ ಬೆಳೆಸಿದ್ದರು. ಎಂಬತ್ತರ ದಶಕದ ಕರಮ್‌ಚಂದನೂ ಗೊತ್ತಿದ್ದ. ಪಂಕಜ್ ಕಪೂರ್ ಕಪ್ಪು ಕನ್ನಡಕ ಹಾಕಿ ಕ್ಯಾರೆಟ್ ಕಡಿಯುವುದನ್ನು ಪಕ್ಕದ ಕೇರಿಯವರ ಮನೆಯಲ್ಲಿ ಕಿಟಕಿಯಿಂದ ನೋಡಿ ಬಂದು, ಕ್ಯಾರೆಟ್ಟು ಸಿಕ್ಕದೆ ಮೂಲಂಗಿ ಕಡಿದವರು ನಮ್ಮಲ್ಲಿದ್ದರು. ಆದರೆ ಅವರೆಲ್ಲ ಬೇರೆ ಲೋಕದವರು. ಬ್ಯೋಮಕೇಶನಾದ ಈ ರಜಿತ್ ಕಪೂರ್ ಹಾಗಲ್ಲ. ಪಂಚೆಯ ಚುಂಗು ಹಿಡಿದು ಮೆಟ್ಟಿಲಿಳಿಯುತ್ತಿದ್ದ, ಪಿಸ್ತೂಲು ಬೀಸುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಮಾತಾಡಿಸುತ್ತ ಮಾತಾಡಿಸುತ್ತ ಎದುರಿನವನ ಕೈ ಎಲ್ಲಿದೆ ಎಂದು ನೋಡುತ್ತಿದ್ದ. ತನ್ನನ್ನು ಪತ್ತೇದಾರ ಅನ್ನಬೇಡಿ, ಸತ್ಯಾನ್ವೇಷಿ ಅನ್ನಿ ಎಂಬ ಅವನ ಹಟ ಅಮ್ಮಮ್ಮನಿಗೆ ಬಹಳ ಹಿಡಿಸಿತ್ತು. ಮುಂದೆ ಶ್ಯಾಮ್ ಬೆನೆಗಲ್ ಸಿನಿಮಾದಲ್ಲಿ ಅದೇ ಮನುಷ್ಯ ಗಾಂಧಿಯಾದದ್ದನ್ನು ಪೇಪರಿನಲ್ಲಿ ತೋರಿಸಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

ನಮ್ಮ ಅಪಾಯವೆಲ್ಲ ಶುರುವಾಗುತ್ತಿದ್ದದ್ದು ಮರುದಿನ. ಮೊದಲ ಕತೆಯಲ್ಲಿ ಬ್ಯೋಮಕೇಶ ಸುಳ್ಳು ಹೆಸರಿನಲ್ಲಿ ಬಂದು ಒಂದು ಮೆಸ್ಸಿನಲ್ಲಿ ಇಳಿಯುತ್ತಾನೆ. ಅದನ್ನು ನಡೆಸುವ ಹೋಮಿಯೋಪತಿ ಡಾಕ್ಟರು ಊರಿಗೇ ಒಳ್ಳೆಯವರು, ಕೊನೆಗೆ ನೋಡಿದರೆ ಕೊಕೇನು ಮಾರುವವರೂ ಅವರೇ, ಕೊಲೆಗಾರರೂ ಅವರೇ. ನಮ್ಮ ಪೇಟೆಯಲ್ಲೂ ಒಬ್ಬ ಮುದುಕ ಹೋಮಿಯೋಪತಿ ಡಾಕ್ಟರಿದ್ದರು, ಪಾಪ, ದೇವರಂಥವರು. ಅವರ ಸಕ್ಕರೆ ಗುಳಿಗೆಗೆ ನಾವು ಜ್ವರ ಬರಿಸಿಕೊಂಡಾದರೂ ಕಾಯುತ್ತಿದ್ದವರು, ಆ ವಾರದಿಂದ ಗುಳಿಗೆಯನ್ನು ನಾಲಿಗೆಯಡಿ ಇಟ್ಟುಕೊಂಡು ಬಂದು ತೆಂಗಿನ ಬುಡಕ್ಕೆ ಉಗುಳತೊಡಗಿದೆವು. ಇನ್ನೊಂದರಲ್ಲಿ ಸೈಕಲ್ಲಿನ ಬೆಲ್ಲಿನೊಳಗಿಂದ ಗ್ರಾಮಫೋನ್ ಸೂಜಿ ಹಾರಿ ನಡೆದು ಹೋಗುವವರ ಎದೆಗೆ ನಾಟುತ್ತದೆ, ಸದ್ದೆಂದರೆ ಬರೀ ಟ್ರಿಣ್. ಅಂಚೆಯವನು ಸಂಕ ದಾಟಿ ಬೆಲ್ಲು ಬಾರಿಸಿದ್ದೇ ತಡ, ನಾವು ಹುಲ್ಲಿನ ಬಣವೆಯ ಹಿಂದೆ. ಅಜ್ಜನಿಗೆ ಮನಿಯಾರ್ಡರು ಕೊಟ್ಟು, ಮಜ್ಜಿಗೆ ಕುಡಿದು, “ಈ ಮಕ್ಕಳಿಗೆ ಎಂಥ ಆಗಿದೆ ಹೆಗಡೇರೇ?” ಎಂದು ಕೇಳಿ ಹೋಗುತ್ತಿದ್ದ.

ಎಲ್ಲಕ್ಕಿಂತ ಕಷ್ಟಕ್ಕೆ ಬಂದದ್ದು ಜೇಡದ ವಿಷದ ಕತೆ. ಹಾಸಿಗೆ ಹಿಡಿದ ಮುದುಕನೊಬ್ಬ ಯಾರ ಕಣ್ಣಿಗೂ ಬೀಳದೆ ವಿಷದ ನಶೆ ಏರಿಸಿಕೊಳ್ಳುತ್ತಾನೆ, ಅದು ಅವನಿಗೆ ಸಿಗುವುದು ಬರೆಯುವ ಶಾಯಿಯಲ್ಲಿ. ನಮ್ಮ ಅಜ್ಜನೂ ಬರೆಯುತ್ತಿದ್ದ, ನಾಗಂದಿಗೆಯ ಕೆಳಗೆ ಕೂತು, ಸುಲಿದ ಡಬ್ಬಿ ಎಷ್ಟು, ಯಾರಿಗೆಷ್ಟು ಕೊಡಬೇಕು ಎಂಬ ಲೆಕ್ಕ. ಅವನದು ನೇರಳೆ ಬಣ್ಣದ ಶಾಯಿ ಪೆನ್ಸಿಲ್ಲು. ಎರಡಂಕಿಗೊಮ್ಮೆ ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಳ್ಳುವುದು, ಕನ್ನಡಕದ ಮೇಲಿಂದ ಒಮ್ಮೆ ನೋಡುವುದು, ಮತ್ತೆ ಬರೆಯುವುದು. ನಾಲಿಗೆಯ ನಡುವೆ ಸದಾ ಒಂದು ನೇರಳೆ ಗೆರೆ. ಆ ರಾತ್ರಿ ಕಂತು ಮುಗಿದಾಗ ನಾವೆಲ್ಲ ಒಟ್ಟಿಗೇ ಅಜ್ಜನತ್ತ ತಿರುಗಿದೆವು, ಅವನು ಪೆನ್ಸಿಲ್ಲನ್ನು ಬಾಯಿಂದ ತೆಗೆದು, “ಎಂತದ್ರೋ?” ಎಂದ. ಮರುದಿನ ಪೆನ್ಸಿಲ್ಲು ಕಾಣೆ. ಅದನ್ನು ಪತ್ತೆ ಮಾಡಲು ಮನೆಯಲ್ಲಿ ಸತ್ಯಾನ್ವೇಷಿಯೇನೂ ಬೇಕಾಗಲಿಲ್ಲ, ಆಯಿಯ ಕೈಲಿದ್ದ ಹಿಡಿಕಡ್ಡಿಯೇ ಸಾಕಾಯಿತು.

ಇಷ್ಟೆಲ್ಲ ಹೇಳಿದರೂ, ಒಂದು ಕತೆಯನ್ನು ತುದಿ ಮುಟ್ಟಿಸಿ ನೋಡಿದ್ದು ನಮ್ಮ ಅದೃಷ್ಟದ ರಾತ್ರಿಗಳಲ್ಲಿ ಮಾತ್ರ. ಬ್ಯೋಮಕೇಶ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಚಹಾದ ಕಪ್ಪು ಕೆಳಗಿಟ್ಟು, ಇನ್ನೇನು ಬಾಯಿ ತೆರೆಯಬೇಕು, ಆಗಲೇ ಕರೆಂಟು ಹೋಗುವುದು. ತೆರೆಯ ನಡುವೆ ಬಿಳಿ ಚುಕ್ಕೆ ಸಣ್ಣದಾಗುತ್ತ ಆರುವಾಗ ಇಡೀ ಜಗಲಿಯಿಂದ ಒಂದೇ ಉಸಿರಿನಲ್ಲಿ “ಅಯ್ಯೋ ರಾಮ” ಏಳುತ್ತಿತ್ತು. ಮೆಟ್ಟುಗತ್ತಿಗಳು ಒಂದು ಗಳಿಗೆ ನಿಲ್ಲುತ್ತಿದ್ದವು, ಕತ್ತಲಲ್ಲಿ ಬೆರಳು ಕುಯ್ದುಕೊಳ್ಳಬಾರದಲ್ಲ. ಆಯಿ ಚಿಮಣಿ ಹಚ್ಚಿ ತಂದಿಟ್ಟು, ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟ ಮೇಲೆ, ಕೊಲೆಯ ವಿಚಾರಣೆ ನಮ್ಮಲ್ಲೇ ನಡೆಯುತ್ತಿತ್ತು. ಸುಲಿಯಲು ಬಂದ ಹೆಂಗಸರ ಅನುಮಾನ ಯಾವಾಗಲೂ ಮನೆಯ ಯಜಮಾನನ ಮೇಲೆ. ದೊಡ್ಡಪ್ಪನ ಅನುಮಾನ ವಕೀಲರ ಮೇಲೆ, ಅದಕ್ಕೆ ಅವನ ಕೋರ್ಟಿನ ಖರ್ಚು ಕಾರಣ. “ಅಂವ್ನೇ ಕೊಂದಿದ್ದು, ಯಂಗೆ ಗೊತ್ತಿದ್ದು, ಅವನ ನೆಗೆ ಸಮಾ ಇಲ್ಲೆ” ಎಂದು ದೊಡ್ಡಾಯಿ ತನಗೆ ಆಗದ ಮುಖದವನನ್ನು ಗಲ್ಲಿಗೇರಿಸುತ್ತಿದ್ದಳು. ಕೊನೆಯಲ್ಲಿ ಅಪ್ಪಚ್ಚಿ ಕವಳ ಉಗುಳಿ ಬಂದು, ಬ್ಯೋಮಕೇಶನ ಬಾಯಿ ತಾನೇ ಆಗಿ, ಸುಳಿವಿಗೆ ಸುಳಿವು ಕೂಡಿಸಿ ತೀರ್ಪು ಕೊಡುತ್ತಿದ್ದ. ಕರೆಂಟು ಬರುವ ಹೊತ್ತಿಗೆ ಟೀವಿಯಲ್ಲಿ ಇನ್ನೇನೋ ನಡೆದಿರುತ್ತಿತ್ತು. ಯಾರೂ ಅದಕ್ಕೆ ಬೇಸರಪಟ್ಟ ನೆನಪಿಲ್ಲ.

ಒಂದು ರಾತ್ರಿ ಮಾತ್ರ ಹಾಗಾಗಲಿಲ್ಲ. ‘ಅರ್ಥಮನರ್ಥಂ’ ಕತೆ. ದುಡ್ಡಿದ್ದ ಮುದುಕನೊಬ್ಬ, ಮನೆತುಂಬ ಅವನನ್ನು ನಂಬಿ ಬದುಕುವ ಹುಡುಗರು, ಯಾರ ಮೇಲೆ ಸಿಟ್ಟು ಬಂದರೂ ಉಯಿಲು ಬದಲಿಸುವುದು ಅವನ ಚಟ, ಒಂದು ಬೆಳಗ್ಗೆ ಹಾಸಿಗೆಯಲ್ಲೇ ಹೆಣ. ಬ್ಯೋಮಕೇಶ ಮುಂದೆ ಮದುವೆಯಾಗುವ ಸತ್ಯವತಿ ಬರುವುದೂ ಇದರಲ್ಲೇ, ಅಣ್ಣನನ್ನು ಉಳಿಸಿಕೊಡಿ ಎಂದು ಬೇಡಿಕೊಂಡು. ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಅಮ್ಮಮ್ಮ ಆಗಲೇ ಜಾತಕ ಕೂಡಿಸಿಬಿಟ್ಟಿದ್ದಳು. ಕರೆಂಟು ಹೋಯಿತು, ಚಿಮಣಿ ಬಂತು, ಕಾಫಿ ಬಂತು, ದೊಡ್ಡಪ್ಪ ವಕೀಲರ ಸುದ್ದಿ ಎತ್ತಲಿಲ್ಲ, ಅಪ್ಪಯ್ಯ ಸಿಪ್ಪೆಯ ರಾಶಿಯನ್ನು ಕಾಲಿಂದ ಸರಿಪಡಿಸುತ್ತ ಕೂತ, ಅಜ್ಜ ಎದ್ದು ಮಲಗಲು ಹೋದ. ದೊಡ್ಡವರು ಏಕೆ ಸುಮ್ಮನಾದರೆಂದು ನಮಗೆ ಆಗ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅಪ್ಪಚ್ಚಿ ಮಕ್ಕಳಾದ ನಮಗಷ್ಟೇ ಕೇಳುವಂತೆ ಒಬ್ಬನ ಹೆಸರು ಹೇಳಿದ.

ಅಜ್ಜ ಹೋದ ಮೇಲೆ ಹಿಸೆಯಾಯಿತು. ಜಗಲಿಯ ನಡುವೆ ಗೋಡೆ ಬಂತು, ತೋಟ ಮೂರು ಭಾಗವಾಯಿತು, ಟೀವಿ ಯಾರಿಗೂ ಬೇಡವಾಗಿ ಕೊಟ್ಟಿಗೆಯ ಅಟ್ಟ ಸೇರಿತು, ಅಡಿಕೆ ಸುಲಿಯಲು ಯಂತ್ರ ಬಂತು. ಅದರ ಸದ್ದಿನಲ್ಲಿ ಪಕ್ಕದವರು ಮಾತಾಡಿದ್ದೂ ಕೇಳುವುದಿಲ್ಲ. ಬಾಸು ಚಟರ್ಜಿ 2020ರಲ್ಲಿ ತೀರಿಕೊಂಡಾಗ ನಾವೆಲ್ಲ ಬೆಂಗಳೂರು, ಪುಣೆ, ಒಬ್ಬಳು ಅಮೆರಿಕ, ಹೀಗೆ ಚದುರಿ, ಬಾಗಿಲು ಹಾಕಿಕೊಂಡು ಕೂತ ಕಾಲ. ಯಾರೋ ಮನೆಯ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹಾಕಿದರು, ಇನ್ಯಾರೋ ಆ ಧಾರಾವಾಹಿಯ ಮೂವತ್ತನಾಲ್ಕು ಕಂತೂ ಮೊಬೈಲಿನಲ್ಲೇ ಸಿಗುತ್ತದೆ ಎಂದರು, ಅಮೆರಿಕದವಳು ರಾತ್ರಿಯೆಲ್ಲ ಕೂತು ‘ಅರ್ಥಮನರ್ಥಂ’ ನೋಡಿ ಕೊಲೆಗಾರನ ಹೆಸರು ಬರೆದು ಕಳಿಸಿದಳು. ಅಪ್ಪಚ್ಚಿ ಹೇಳಿದ ಹೆಸರಲ್ಲ.

ಅದಕ್ಕೆ ದೊಡ್ಡಾಯಿಯ ವಾಯ್ಸ್ ಮೆಸೇಜು ಬಂತು, ಹಿಂದೆ ಕುಕ್ಕರಿನ ಸೀಟಿ. “ಅದೆಲ್ಲ ಸುಳ್ಳು ಕೂಸೆ, ಮೊಬೈಲಿಗೆ ಹಾಕಕಾದ್ರೆ ಬದಲು ಮಾಡಿದ್ದ. ಅಪ್ಪಚ್ಚಿ ಹೇಳಿದ್ದೇ ಖರೆ. ಉಂಡ್ಯಾ?”