ಮೂವರ ಮೈದಾನಯಾತ್ರೆ

ಯಾತ್ರೆಯೆಂದರೆ ಕಾಶಿ ರಾಮೇಶ್ವರಗಳ ಹೆಸರು ಹೇಳುವುದು ಲೋಕರೂಢಿ. ಪ್ರವಾಸವೆಂದರೆ ಬೇಲೂರು ಹಳೇಬೀಡುಗಳು ನೆನಪಾಗುತ್ತವೆ. ಆದರೆ ಅರವತ್ತೈದರ ಆಸುಪಾಸಿನ ಮೂವರು ಗೆಳೆಯರು ಒಂದು ಭಾನುವಾರ ಮಂಡ್ಯದಲ್ಲಿ ಕಲೆತು, ಕ್ರಿಕೆಟ್ ಮೈದಾನಗಳನ್ನು ನೋಡಿಬರುವುದಕ್ಕೆಂದೇ ಕಾರಿನಲ್ಲಿ ಹೊರಡುವ ಸಂಕಲ್ಪ ಮಾಡಿದಾಗ ಮನೆಯವರೆಲ್ಲ ನಕ್ಕರು. "ಮೈದಾನದಲ್ಲಿ ನೋಡುವುದೇನಿದೆ, ಹುಲ್ಲನ್ನೇ?" ಎಂದು ಕೇಳಿದವರೂ ಉಂಟು.

ಈ ಮೂವರಿಗೆ ಹೆಸರುಗಳಿಲ್ಲವೆಂದಲ್ಲ. ಅವನ್ನು ಬಳಸುವವರು ಕಡಮೆ. ಕಾಲೇಜಿನ ತಂಡದಲ್ಲಿದ್ದಾಗ ವ್ಯಾಯಾಮದ ಮೇಷ್ಟರು ಇವರನ್ನು ಊರಿನ ಹೆಸರು ಹಿಡಿದೇ ಕೂಗುತ್ತಿದ್ದರು: ಮಂಡ್ಯ, ಮದ್ದೂರು, ಮಳವಳ್ಳಿ. ಅಂದು ಅಂಟಿಕೊಂಡ ಹೆಸರುಗಳು ಇಂದಿಗೂ ಬಿಟ್ಟಿಲ್ಲ. ಮಂಡ್ಯ ವೇಗವಾಗಿ ಚೆಂಡೆಸೆಯುತ್ತಿದ್ದವರು. ಈಗ ಆ ವೇಗವೆಲ್ಲ ಮಾತಿಗೆ ಬಂದಿದೆ. ಮದ್ದೂರು ವಿಕೆಟ್ಟಿನ ಹಿಂದೆ ನಿಲ್ಲುತ್ತಿದ್ದವರು. ಮುಂದೆ ಹಳೆಯ ಹೆದ್ದಾರಿಯ ಬದಿಯಲ್ಲಿ ಹೋಟೆಲು ನಡೆಸಿದವರು. ಮಳವಳ್ಳಿ ಆಡಿದವರೇ ಅಲ್ಲ. ಮರದ ಕೆಳಗೆ ಮೇಜು ಹಾಕಿಕೊಂಡು, ಒಂದೊಂದು ಎಸೆತವನ್ನೂ ಸ್ಕೋರು ಪುಸ್ತಕದಲ್ಲಿ ಚುಕ್ಕೆಯಾಗಿಯೋ ಅಂಕಿಯಾಗಿಯೋ ಗುರುತಿಸುತ್ತಿದ್ದವರು ಅವರು. ಊರವರ ಓಟಗಳನ್ನೆಲ್ಲ ಬರೆದ ಅವರ ಹೆಸರಿನಲ್ಲಿ ಒಂದು ಓಟವೂ ಇಲ್ಲ.

ಯಾತ್ರೆಯ ಪುಸ್ತಕವೂ ಸಹಜವಾಗಿ ಮಳವಳ್ಳಿಯ ಕೈಗೇ ಬಂದಿತು. ಮೊದಲ ದಿನ ಪಟ್ಟಿ ಬಹಳ ಉದ್ದವಾಗಿತ್ತು. ಕೋಲ್ಕತ್ತದ ಈಡನ್ ಗಾರ್ಡನ್ಸ್ ಇತ್ತು. 1999ರ ಫೆಬ್ರವರಿಯಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ ಒಂದೇ ಇನ್ನಿಂಗ್ಸಿನಲ್ಲಿ ಕಿತ್ತ ದೆಹಲಿಯ ಮೈದಾನವೂ ಇತ್ತು. ಮದ್ದೂರು ಪೆಟ್ರೋಲು, ಊಟ, ವಸತಿಗಳ ಲೆಕ್ಕ ಹಾಕತೊಡಗಿದಂತೆ ಪಟ್ಟಿ ಬೇಸಗೆಯ ಕೆರೆಯಂತೆ ಬತ್ತಿತು. ಕೊನೆಗೆ ಉಳಿದವು ಮೂರು: ಮೈಸೂರು, ಬೆಂಗಳೂರು, ಚೆನ್ನೈ.

ಮೈಸೂರು ಮಂಡ್ಯದಿಂದ ಸುಮಾರು 45 ಕಿಲೋಮೀಟರು. ಅಲ್ಲಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ 2010ರ ಜನವರಿಯಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆದಾಗ ಮಂಡ್ಯ ಜನರ ನಡುವೆ ನಿಂತಿದ್ದರು. ಕರ್ನಾಟಕ ಮುಂಬಯಿಗೆ ಸೋತದ್ದು ಕೇವಲ 6 ಓಟಗಳಿಂದ. "ಆ 6 ಓಟ ಅಲ್ಲೇ ಎಲ್ಲೋ ಬಿದ್ದಿರಬೇಕು ಕಣಯ್ಯ, ಹುಡುಕಿಕೊಂಡು ಬರೋಣ" ಎಂದರು ಅವರು.

ಬೆಂಗಳೂರಿನ ಕ್ರೀಡಾಂಗಣದ ಮೇಲೆ ಮೂವರಿಗೂ ಸಮನಾದ ಹಕ್ಕು. ಅದು ಯಾರ ಹೆಸರನ್ನು ಹೊತ್ತಿದೆಯೋ ಆ ಎಂ. ಚಿನ್ನಸ್ವಾಮಿಯವರು ಮಂಡ್ಯ ಮೂಲದ ವಕೀಲರು. 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದವರು. ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರಿನಲ್ಲಿ. ಆಗ ಮೂವರೂ ಒಂಬತ್ತನೆಯ ತರಗತಿಯ ಹುಡುಗರು. ಒಬ್ಬರನ್ನೊಬ್ಬರು ಅರಿಯದೆ ತಂತಮ್ಮ ಊರಿನ ರೇಡಿಯೋಗಳಿಗೆ ಕಿವಿಗೊಟ್ಟು ಕುಳಿತಿದ್ದವರು. ವೆಸ್ಟ್ ಇಂಡೀಸಿನ ಗ್ರೀನಿಜ್, ರಿಚರ್ಡ್ಸ್ ಎಂಬ ಇಬ್ಬರು ತರುಣರು ಅಂದೇ ಮೊದಲು ಟೆಸ್ಟ್ ಆಡಿದರು. ಭಾರತ 267 ಓಟಗಳಿಂದ ಸೋತಿತು.

ಬೆಂಗಳೂರಿನ ಮಾತು ಬಂದಾಗ ಮಳವಳ್ಳಿಯವರ ಮಡದಿ ಕಾಫಿಯ ತಟ್ಟೆಯನ್ನು ಕೆಳಗಿಟ್ಟು, "ಜಾತ್ರೆಯಂಥ ದಿನ ಮಾತ್ರ ಹೋಗಬೇಡಿ" ಎಂದರು. 2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಹೊರಗೆ, ವಿಜಯೋತ್ಸವಕ್ಕೆ ನೆರೆದ ಜನಸಾಗರದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡಿದ್ದರು. ಆ ಮಾತಿಗೆ ಯಾರೂ ಎದುರಾಡಲಿಲ್ಲ. ರಣಜಿ ಪಂದ್ಯವಿರುವ ದಿನ ಹೋಗುವುದು, ಇಲ್ಲವಾದರೆ ಪತ್ರ ಬರೆದು ಅನುಮತಿ ಪಡೆದು ಬರಿಯ ಮೈದಾನವನ್ನು ನೋಡಿಬರುವುದು ಎಂದು ಪುಸ್ತಕದಲ್ಲಿ ಬರೆದಾಯಿತು.

ಮುಂದಿನ ವಾರ ಜಗಳವಾದದ್ದು ದಾರಿಗಾಗಿ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರಿನೊಳಕ್ಕೆ ಇಳಿಯದೆ ಸಾಗುತ್ತದೆ. ಆಮೇಲೆ ತಮ್ಮ ಹೋಟೆಲಿನ ಬೆಂಚುಗಳು ಬರಿದಾದುದನ್ನು ಮದ್ದೂರು ಕಣ್ಣಾರೆ ಕಂಡವರು. "ವಡೆಯ ವಾಸನೆ ಬಾರದ ರಸ್ತೆಯೂ ಒಂದು ರಸ್ತೆಯೇ? ಹಳೆಯ ದಾರಿಯಾದರೆ ನಾನು ಬರುತ್ತೇನೆ" ಎಂದು ಅವರು ಪಟ್ಟು ಹಿಡಿದರು. ಮಂಡ್ಯ ಗಂಟೆ ನಿಮಿಷಗಳ ವಾದ ಹೂಡಿದರು. ತೀರ್ಮಾನವಾಗಲಿಲ್ಲ.

ಇಷ್ಟರಲ್ಲಿ ಮಳವಳ್ಳಿ ತಮಗಾಗಿ ಕೇಳಿದ್ದು ಒಂದೇ: ಚೆನ್ನೈಯ ಚೆಪಾಕ್. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ 1934ರ ನವೆಂಬರ್ 4ರಂದು ಅಲ್ಲಿಯೇ ನಡೆದು, ಮೈಸೂರು ತಂಡ ಮದರಾಸಿಗೆ ಒಂದೇ ದಿನದಲ್ಲಿ ಸೋತಿತ್ತು. "ಒಂದೇ ದಿನವೆಂದರೆ ವಸತಿಯ ಖರ್ಚು ಉಳಿಯಿತು" ಎಂದು ಮದ್ದೂರು ನಕ್ಕರು. ಆದರೆ ಮಳವಳ್ಳಿಯವರ ಮನಸ್ಸಿನಲ್ಲಿದ್ದುದು ಬೇರೆ ಪಂದ್ಯ. 1975ರ ಜನವರಿಯಲ್ಲಿ ಅಲ್ಲಿ ಆಂಡಿ ರಾಬರ್ಟ್ಸ್ ಬಿರುಗಾಳಿಯಂತೆ 7 ವಿಕೆಟ್ ಕಿತ್ತಾಗ, ಭಾರತ ಗಳಿಸಿದ 190 ಓಟಗಳಲ್ಲಿ 97 ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರವು. ಕೊನೆಯ ಜೊತೆಗಾರ ಔಟಾದುದರಿಂದ ಶತಕಕ್ಕೆ 3 ಓಟ ಕಡಮೆಯಾಗಿಯೇ ಉಳಿಯಿತು. ಭಾರತ ಗೆದ್ದಿತು. ರೇಡಿಯೋ ಕೇಳುತ್ತ, ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಆ ಹುಡುಗ ಗೀಟು ಎಳೆದು ಬರೆದುಕೊಂಡ ಲೆಕ್ಕವೇ ಅವನ ಮೊದಲ ಸ್ಕೋರು. ಆ ಹಾಳೆ ಇಂದಿಗೂ ಅವರ ಪೆಟ್ಟಿಗೆಯಲ್ಲಿದೆ. ಆ ನೆಲವನ್ನು ಮಾತ್ರ ಅವರು ಕಂಡಿಲ್ಲ.

ಮೂರನೆಯ ಭಾನುವಾರ ಮದ್ದೂರು ಖರ್ಚಿನ ಲೆಕ್ಕಕ್ಕಾಗಿ ಯಾತ್ರೆಯ ಪುಸ್ತಕವನ್ನು ತೆರೆದವರು ಹಾಗೆಯೇ ನಿಂತರು. ಅಚ್ಚು ಹಾಕಿದಂತಿರುತ್ತಿದ್ದ ಮಳವಳ್ಳಿಯವರ ಅಂಕಿಗಳು ಗೆರೆ ಬಿಟ್ಟು ಮೇಲೆ ಹತ್ತಿದ್ದವು. ಒಂದು ಸಾಲು ಇನ್ನೊಂದರ ಮೇಲೆ ಬಿದ್ದಿತ್ತು. "ಏನಯ್ಯಾ ಇದು?" ಎಂದು ಕೇಳಿದರು.

ಮಳವಳ್ಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅವರಿಗೆ ಗ್ಲಾಕೋಮಾ ಎಂಬ ಕಣ್ಣಿನ ಬೇನೆ. ಅದರಲ್ಲಿ ಕಣ್ಣಿನ ನರ ಸೊರಗುತ್ತದೆ. ಅಂಚಿನ ನೋಟ ಮೊದಲು ಮಸುಕಾಗುತ್ತದೆ. ಔಷಧಿ ಉಳಿದ ದೃಷ್ಟಿಯನ್ನು ಕಾಪಾಡಬಲ್ಲುದು. ಹೋದುದನ್ನು ಮರಳಿ ತರಲಾರದು. "ತಡವಾಗಿ ವೈದ್ಯರಲ್ಲಿಗೆ ಹೋದೆ. ನೀವು ಮೈಸೂರಿನಿಂದಲೇ ಆರಂಭಿಸಿ. ಚೆನ್ನೈಯನ್ನು ಮುಂದಿನ ವರ್ಷ ನೋಡಿದರಾಯಿತು" ಎಂದರು.

ಮದ್ದೂರು ಮಾತನಾಡಲಿಲ್ಲ. ಲೇಖನಿ ತೆಗೆದುಕೊಂಡು, ಚೆಪಾಕಿನ ಮುಂದಿದ್ದ 3 ಎಂಬ ಅಂಕಿಯನ್ನು ಹೊಡೆದುಹಾಕಿ 1 ಎಂದು ಬರೆದರು. ಅನಂತರ ಮಂಡ್ಯದ ಕಡೆ ತಿರುಗಿ, "ನಾವಿಬ್ಬರೂ ಹಿಂದಿನ ರಾತ್ರಿಯೇ ನಿನ್ನ ಮನೆಗೆ ಬಂದು ಮಲಗುತ್ತೇವೆ. ಬೆಳಗಾಗುವ ಮೊದಲೇ ಹೊಸ ರಸ್ತೆ ಹಿಡಿಯೋಣ. ಬೆಂಗಳೂರು ದಾಟಿ ಹೊಸೂರು, ಕೃಷ್ಣಗಿರಿ, ವೆಲ್ಲೂರಿನ ಮೇಲೆ ಹೋದರೆ ಸಂಜೆಯೊಳಗೆ ಚೆನ್ನೈ. ಉಳಿದೆರಡು ಮೈದಾನಗಳನ್ನು ಬರುವಾಗ ನೋಡಿದರಾಯಿತು" ಎಂದರು. ಎಂದೂ ಎದುರು ಮಾತಿಗೆ ಸೋಲದ ಮಂಡ್ಯ ಅಂದು, "ಹಾಗೇ ಆಗಲಿ. ವಡೆಯೂ ಬರುವಾಗಲೇ, ಹಳೆಯ ದಾರಿಯಲ್ಲಿ" ಎಂದರು.

ರಣಜಿ ಪಂದ್ಯದ ದಿನ ನೋಡಿ ಹೊರಡುವುದೆಂದು ನಿಶ್ಚಯವಾಯಿತು. ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಕಣ್ಣಿನ ಔಷಧಿ, ನೀರಿನ ಹೂಜಿ, ದುರ್ಬೀನುಗಳ ಜೊತೆಗೆ ಒಂದು ಹೊಸ ಸ್ಕೋರು ಪುಸ್ತಕವೂ ಸೇರಿತು. ಅದನ್ನು ಕೇಳಿ ಮಳವಳ್ಳಿ, "ಈ ಕಣ್ಣಿನಲ್ಲಿ ನಾನು ಲೆಕ್ಕ ಬರೆಯಬಲ್ಲೆನೇ?" ಎಂದು ಸಂಕೋಚದಿಂದ ಕೇಳಿದರು.

"ಲೆಕ್ಕ ಬರೆಯುವವನು ಆಟವನ್ನು ಅರ್ಧವೇ ನೋಡುತ್ತಾನೆ; ಉಳಿದರ್ಧ ಅವನ ಕಣ್ಣು ಹಾಳೆಯ ಮೇಲಿರುತ್ತದೆ. ನೀನು ತಲೆಯೆತ್ತಿ ಆಟ ನೋಡು. ಲೆಕ್ಕ ನಾನು ಬರೆಯುತ್ತೇನೆ" ಎಂದರು ಮದ್ದೂರು.