ಮಸ್ಕಿಯ ಬಂಡೆ, ಒಂಬತ್ತನೇ ತಾರೀಖು

ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಇದ್ದೂ ರಾಯಚೂರು ಸೀಮೆಗೆ ಬಾಯಾರಿಕೆ ತಪ್ಪಿಲ್ಲ. ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಮಸ್ಕಿಯ ಕಡೆ ಬಂದರೆ ಕಾಲುವೆ ಮುಟ್ಟದ ಹೊಲಗಳು, ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡಗಳು. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರಿಗೆ ಇಲ್ಲಿ ಸಿಕ್ಕಿದ್ದು ಅಕ್ಷರ! 'ದೇವಾನಾಂಪಿಯ' ಎಂಬ ಬಿರುದಿನ ದೊರೆ ಎಂದರೆ ಅಶೋಕನೇ ಎಂಬುದನ್ನು ಗಟ್ಟಿ ಮಾಡಿಕೊಟ್ಟ ಶಾಸನ. ಏಪ್ರಿಲ್‌ನ ಬೆಳಗಿನ ಹತ್ತಕ್ಕೇ ಗುಡ್ಡದ ಕಲ್ಲಿನ ಮೇಲೆ ಅಂಗೈ ಊರಲಾಗಲಿಲ್ಲ. ದಾರಿಬದಿಗೆ ಬಾವಿ ತೋಡಿಸಿದೆ, ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ ಏರ್ಪಡಿಸಿದೆ ಎಂದು ಗಿರ್ನಾರಿನ ಶಾಸನದಲ್ಲಿ ಬರೆಸಿದವನೂ ಇದೇ ದೊರೆ.

ಅಂದು ಒಂಬತ್ತನೇ ತಾರೀಖು. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಗೆ 2016ರಿಂದ ಪ್ರತಿ ತಿಂಗಳೂ ಗೊತ್ತಾದ ದಿನ. ಹತ್ತಿರದ ಹಳ್ಳಿಯೊಂದರ ಆರೋಗ್ಯ ಕೇಂದ್ರದ ಬೇವಿನ ನೆರಳಿನಲ್ಲಿ ಕೈಯಲ್ಲಿ ತಾಯಿ ಕಾರ್ಡ್ ಹಿಡಿದ ಹೆಣ್ಣುಮಕ್ಕಳು ಕೂತಿದ್ದರು. ಅವರನ್ನು ನೋಡುತ್ತ ನನಗೆ ಬೆರಗು ಹಿಡಿಯಿತು. ಬಸುರಿಯ ಮೈಯಲ್ಲಿ ರಕ್ತ ಹೆಚ್ಚುಕಡಿಮೆ ಅರ್ಧಪಟ್ಟು ಹೆಚ್ಚುತ್ತದೆ. ಅಷ್ಟೂ ಇನ್ನೊಂದು ಜೀವ ಸಾಕುವುದಕ್ಕೆ. ಬಿಸಿಲೇರಿದರೆ ಅದೇ ರಕ್ತ ಮೈ ತಂಪು ಮಾಡಲು ಚರ್ಮದತ್ತ ಓಡಬೇಕು. ಬೆವರಿ ನೀರು ಕಡಿಮೆಯಾದರಂತೂ ಗರ್ಭಕ್ಕೆ ಹೋಗುವ ಪಾಲಿಗೆ ಕುತ್ತು. ಗ್ಯಾಂಬಿಯಾದಲ್ಲಿ ಹೊಲಗೆಲಸ ಮಾಡುವ 92 ಗರ್ಭಿಣಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಅಳೆಯಿತು: ಶಾಖದ ಒತ್ತಡ ಒಂದು ಡಿಗ್ರಿ ಏರಿದರೆ ಹೊಟ್ಟೆಯೊಳಗಿನ ಕೂಸು ಸಂಕಟಕ್ಕೆ ಸಿಲುಕುವ ಸಾಧ್ಯತೆ ಶೇ 17ರಷ್ಟು ಹೆಚ್ಚು. ಭೂಮಿ ಬಿಸಿಯಾಗುವುದೆಂದರೆ ಹಿಮ ಕರಗುವುದಷ್ಟೇ ಅಲ್ಲ. ಕೊಡ ಹೊತ್ತು ನಡೆಯುವವಳ ಹೊಟ್ಟೆಯೊಳಗೂ ಅದರ ಲೆಕ್ಕವಿದೆ.

ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಒಳ್ಳೆಯ ಏರ್ಪಾಡು. ನೀರು ತರುವವಳಿಗೂ ಕೂಲಿಯವಳಿಗೂ ಅಂಥ ಗಡಿಯಾರ ಬೇಕೆಂದು ಅಲ್ಲಿ ಕೂತಾಗ ತೀವ್ರವಾಗಿ ಅನಿಸಿತು.

ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಬೆರಳಿಟ್ಟರು. "ಮಳಿ ಇಲ್ಲಂತ ಗುಳೆ ಹೋಗ್ಯಾರ್ರೀ. ಬೆಂಗಳೂರಾಗ ಕಟ್ಟಡದ ಕೆಲಸ. ಈಕಿಗೆ ಏಳು ತಿಂಗಳು." ಮಳೆ ಕೈಕೊಟ್ಟರೆ ಕೂಲಿ ಹೋಗುತ್ತದೆ, ಕೂಲಿ ಹೋದರೆ ಊರು, ಊರಿನ ಜೊತೆಗೆ ಬಸುರಿಯನ್ನು ಬಲ್ಲ ದಾದಿಯೂ ದೂರ. ಕಾರ್ಯಕರ್ತೆ ಫೋನ್ ಹಚ್ಚಿದರು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಆ ಕಡೆಯಿಂದ ದನಿ ಕೇಳಿಸಿತು. "ಯವ್ವಾ, ರಕ್ತ ತೋರಿಸೀಯೇನು? ಯಾವ ಏರಿಯಾದಾಗ ಇದ್ದೀ ಹೇಳು, ಅಲ್ಲಿ ಆಶಾ ನಂಬರ್ ಹುಡುಕ್ತೀನಿ" ಎನ್ನುತ್ತ ಪೆನ್ನು ತೆಗೆದರು.